ಏಣಿ ನುಡಿದ ಸಾಕ್ಷ್ಯ

ನ್ಯಾಯಸ್ಥಾನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಟಕಟೆಯಲ್ಲಿ ನಿಂತು, ತಾನು ಕಂಡುದನ್ನು ಪ್ರಮಾಣಪೂರ್ವಕವಾಗಿ ಹೇಳುವ ಸಾಕ್ಷಿ. ಮನುಷ್ಯನ ನೆನಪು ಮಸುಕಾಗಬಹುದು. ಭಯವೋ ಆಸೆಯೋ ಅವನ ನಾಲಗೆಯನ್ನು ಹೊರಳಿಸಬಹುದು. ಇಂತಹ ದೌರ್ಬಲ್ಯಗಳಿಲ್ಲದ ಜಡವಸ್ತುವೇ ಸಾಕ್ಷಿಯಾಗಿ ಬಂದರೆ? ಅದಕ್ಕೆ ಬಾಯಿಲ್ಲ, ಅದರ ಪರವಾಗಿ ವಿಜ್ಞಾನಿ ಮಾತನಾಡಬೇಕು. ಆತನನ್ನು ಎಷ್ಟರಮಟ್ಟಿಗೆ ನಂಬಬೇಕು? ಅಮೆರಿಕಾದ ನ್ಯಾಯಾಲಯಗಳನ್ನು ಬಹುಕಾಲ ಕಾಡಿದ ಈ ಪ್ರಶ್ನೆಗೆ 1935ರಲ್ಲಿ ನಡೆದ ಒಂದು ಮೊಕದ್ದಮೆ ಒಳ್ಳೆಯ ನಿದರ್ಶನ. ಅಲ್ಲಿ ಸಾಕ್ಷಿಯಾಗಿ ಬಂದುದು ಒಂದು ಮರದ ಏಣಿ.

1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಎಲ್ಲಿಯೂ ಇಳಿಯದೆ ಒಬ್ಬನೇ ವಿಮಾನ ನಡೆಸಿ ಲೋಕಪ್ರಸಿದ್ಧನಾದ ಚಾರ್ಲ್ಸ್ ಲಿಂಡ್‌ಬರ್ಗನ ಮನೆ ನ್ಯೂಜೆರ್ಸಿ ಸಂಸ್ಥಾನದ ಹೋಪ್‌ವೆಲ್ ಊರಿನ ಬಳಿ ಇತ್ತು. 1932ರ ಮಾರ್ಚ್ 1ರ ರಾತ್ರಿ ಆ ಮನೆಯ ಮಹಡಿಯ ಕೋಣೆಯಿಂದ ಅವನ 20 ತಿಂಗಳ ಗಂಡುಮಗುವನ್ನು ಯಾರೋ ಅಪಹರಿಸಿದರು. ಹಣ ಕೇಳುವ ಓಲೆಯೊಂದು ಕೋಣೆಯಲ್ಲಿ ಸಿಕ್ಕಿತು. ಮನೆಯಿಂದ ಸ್ವಲ್ಪ ದೂರದಲ್ಲಿ, ಮೂರು ತುಂಡುಗಳಾಗಿ ಬಿಚ್ಚಿ ಒಯ್ಯಬಹುದಾದ ಒರಟು ಏಣಿಯೊಂದು ಬಿದ್ದಿತ್ತು. ತಂದೆ 50,000 ಡಾಲರುಗಳನ್ನು ತೆತ್ತನು. ಆದರೂ ಮಗು ಬರಲಿಲ್ಲ. ಮೇ 12ರಂದು ಅದರ ಶವ ಸಮೀಪದ ಕಾಡಿನಲ್ಲಿ ದೊರೆಯಿತು.

ವಿಸ್‌ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ಸರಕಾರದ ಅರಣ್ಯೋತ್ಪನ್ನ ಪ್ರಯೋಗಾಲಯವಿದೆ. ಅಲ್ಲಿ ಮರದ ರಚನೆಯನ್ನು ಅಭ್ಯಸಿಸುತ್ತಿದ್ದ ಆರ್ಥರ್ ಕೋಲರ್ ಎಂಬ ವಿಜ್ಞಾನಿಯ ಕೈಗೆ ಈ ಏಣಿ ಬಂದಿತು. ಅವರು ಅದನ್ನು ಬಿಚ್ಚಿ, ಒಂದೊಂದು ತುಂಡಿಗೂ ಒಂದೊಂದು ಸಂಖ್ಯೆ ಕೊಟ್ಟು, ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಪೈನ್ ಜಾತಿಯ ಎರಡು ಬಗೆಯ ಮರ, ಡಗ್ಲಸ್ ಫರ್ ಮತ್ತು ಬರ್ಚ್, ಹೀಗೆ ನಾಲ್ಕು ಬಗೆಯ ಮರಗಳು ಅದರಲ್ಲಿದ್ದುವು. ಮರದ ಜಾತಿ ತಿಳಿದ ಮಾತ್ರಕ್ಕೆ ಕಳ್ಳನ ಜಾಡು ಸಿಕ್ಕುವುದಿಲ್ಲವಷ್ಟೆ. ಆದರೆ ಕೆಳಗಿನ ತುಂಡಿನ ಎರಡು ನಿಲುಪಟ್ಟಿಗಳ ಮೇಲೆ ಕೋಲರರಿಗೆ ಬೇರೊಂದು ಬರಹ ಕಾಣಿಸಿತು.

ಮರವನ್ನು ನಯಗೊಳಿಸುವ ಯಂತ್ರದಲ್ಲಿ, ವೇಗವಾಗಿ ತಿರುಗುವ ಉರುಳೆಗೆ ಹಲವು ಅಲಗುಗಳನ್ನು ಜೋಡಿಸಿರುತ್ತಾರೆ. ಹಲಗೆ ಅದರ ಕೆಳಗೆ ಹಾದುಹೋಗುವಾಗ ಪ್ರತಿಯೊಂದು ಅಲಗೂ ತಾನು ಸವರಿದ ಕಡೆ ನವುರಾದ ಅಲೆಯಂತಹ ಗುರುತನ್ನು ಬಿಡುತ್ತದೆ. ಎಲ್ಲ ಅಲಗುಗಳೂ ಒಂದೇ ಸಮನಾಗಿದ್ದರೆ ಒಂದರ ಗುರುತನ್ನು ಮತ್ತೊಂದರದರಿಂದ ಬೇರ್ಪಡಿಸಲಾಗದು. ಒಂದು ಅಲಗು ಕೊಂಚ ಮೊಂಡಾಗಿದ್ದರೆ, ಉರುಳೆ ಒಂದು ಸುತ್ತು ತಿರುಗಿದಾಗಲೆಲ್ಲ ಆ ವಿಶಿಷ್ಟ ಗುರುತು ಮರಳಿ ಬರುತ್ತದೆ. ಅಂತಹ ಎರಡು ಗುರುತುಗಳ ನಡುವಣ ಅಲೆಗಳನ್ನೆಣಿಸಿದರೆ ಅಲಗುಗಳ ಸಂಖ್ಯೆ ದೊರೆಯುತ್ತದೆ. ಅವುಗಳ ಅಂತರವನ್ನಳೆದರೆ, ಉರುಳೆಯ ಒಂದು ಸುತ್ತಿಗೆ ಹಲಗೆ ಎಷ್ಟು ಮುಂದೆ ಸರಿಯಿತೆಂಬುದು ತಿಳಿಯುತ್ತದೆ. ಈ ಪಟ್ಟಿಗಳ ಅಗಲವಾದ ಮೈಯನ್ನು ಸವರಿದ ಉರುಳೆಯಲ್ಲಿ ಎಂಟು ಅಲಗುಗಳೂ ಅಂಚನ್ನು ಸವರಿದುದರಲ್ಲಿ ಆರು ಅಲಗುಗಳೂ ಇದ್ದುವೆಂದು ಕೋಲರ್ ಕಂಡುಕೊಂಡರು. ಇಂತಹ ಯಂತ್ರಗಳು ವಿರಳ.

ನ್ಯೂಯಾರ್ಕಿನಿಂದ ಅಲಬಾಮದವರೆಗೆ ಹರಡಿದ್ದ 1,598 ಮರದ ಗಿರಣಿಗಳಿಗೆ ಕಾಗದಗಳು ಹೋದುವು. ಅಂತಹ ಯಂತ್ರ 25 ಗಿರಣಿಗಳಲ್ಲಿ ಮಾತ್ರ ಇದ್ದಿತು. ಆ ಅಳತೆಯ ಹಲಗೆಯನ್ನು ತಯಾರಿಸದ ಎರಡನ್ನು ಬಿಟ್ಟು, ಉಳಿದುವುಗಳಿಂದ ಮಾದರಿಗಳನ್ನು ತರಿಸಿ ಹೋಲಿಸಿದಾಗ, ದಕ್ಷಿಣ ಕ್ಯಾರೊಲಿನದ ಮೆಕಾರ್ಮಿಕ್ ಎಂಬ ಊರಿನ ಗಿರಣಿ ಅವರ ಲಕ್ಷ್ಯವನ್ನು ಸೆಳೆಯಿತು. 1929ರಲ್ಲಿ ಅಲ್ಲಿನ ಯಂತ್ರದ ಗಾಲಿಯೊಂದನ್ನು ಬದಲಿಸಿದ್ದರಿಂದ ಹಲಗೆ ಸಾಗುವ ವೇಗವೂ ಬದಲಾಗಿತ್ತು. ಆ ಬಳಿಕ ತಯಾರಾದ ಹಲಗೆಗಳೇ ಏಣಿಗೆ ಹೊಂದಿದುವು. ಅಲ್ಲಿಂದ ಮರ ಹೋಗಿದ್ದ ಅಂಗಡಿಗಳನ್ನೆಲ್ಲ ಕೋಲರ್ ಒಬ್ಬ ಪೋಲೀಸ್ ಅಧಿಕಾರಿಯೊಡನೆ ಅಲೆದು ನೋಡಿದರು. 1933ರ ನವೆಂಬರಿನಲ್ಲಿ, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ಅಂಗಡಿಯಲ್ಲಿ ಅದೇ ಮೊಂಡು ಅಲಗಿನ ಗುರುತುಳ್ಳ ಮರ ಸಿಕ್ಕಿತು. ಆದರೆ ಅಲ್ಲಿನ ವ್ಯಾಪಾರ ನಗದಿನದು. ಕೊಂಡವರ ಹೆಸರು ಲೆಕ್ಕದಲ್ಲಿರಲಿಲ್ಲ. ಅಷ್ಟು ದೂರ ಬಂದ ಜಾಡು ಅಂಗಡಿಯ ಬಾಗಿಲಲ್ಲಿ ನಿಂತುಹೋಯಿತು.

ಅದು ಮುಂದುವರಿದುದು ಬೇರೆ ದಾರಿಯಿಂದ. ತೆತ್ತ ಹಣದ ಬಹುಭಾಗ, ಚಿನ್ನವಾಗಿ ಮರಳಿ ಪಡೆಯಬಹುದಾಗಿದ್ದ ವಿಶೇಷ ನೋಟುಗಳಲ್ಲಿತ್ತು. 1933ರಲ್ಲಿ ಸರಕಾರ ಇವನ್ನು ಹಿಂದಕ್ಕೆ ತೆಗೆದುಕೊಂಡಿತಾಗಿ, ಬಳಿಕ ಅವು ಎಲ್ಲಿ ಕಂಡರೂ ಗಮನ ಸೆಳೆಯುತ್ತಿದ್ದುವು. 1934ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್ ಮಾರುವವನೊಬ್ಬ ಅಂತಹ ನೋಟಿನ ಮೇಲೆ ಗಿರಾಕಿಯ ಕಾರಿನ ಸಂಖ್ಯೆಯನ್ನು ಗುರುತುಹಾಕಿಕೊಂಡನು. ಸಿಕ್ಕಿಬಿದ್ದವನು ಬ್ರೂನೊ ರಿಚರ್ಡ್ ಹಾಪ್ಟ್‌ಮನ್ ಎಂಬ ಜರ್ಮನ್ ಮೂಲದ ಬಡಗಿ. ವಾಸ ಅದೇ ಬ್ರಾಂಕ್ಸ್. ಅವನ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ತೆತ್ತ ಹಣದಲ್ಲಿನ 14,000 ಡಾಲರುಗಳಿಗೂ ಹೆಚ್ಚು ದೊರೆಯಿತು. ಸತ್ತುಹೋದ ಸ್ನೇಹಿತನೊಬ್ಬನು ಇಟ್ಟುಹೋದ ಗಂಟು ಅದೆಂದು ಅವನು ವಾದಿಸಿದನು.

ಏಣಿಯ 16ನೆಯ ತುಂಡು ಮೊದಲಿನಿಂದಲೂ ಕೋಲರರನ್ನು ಚಿಂತೆಗೀಡುಮಾಡಿತ್ತು. ಏಣಿಗೆ ಸಂಬಂಧವೇ ಇಲ್ಲದ, ಚೌಕಾಕಾರದ ಮೊಳೆಗಳ ನಾಲ್ಕು ತೂತುಗಳು ಅದರಲ್ಲಿದ್ದುವು. ಅವುಗಳ ಸುತ್ತ ತುಕ್ಕಿನ ಕಲೆಯಿರಲಿಲ್ಲ. ಆದುದರಿಂದ ಈ ಹಲಗೆ ಹಿಂದೆ ಮಳೆಬಿಸಿಲು ತಾಕದ ಕಟ್ಟಡದೊಳಗೆ ಇದ್ದಿರಬೇಕೆಂದು ಅವರು, ಹಾಪ್ಟ್‌ಮನ್ನನ ಹೆಸರೇ ತಿಳಿಯದಿದ್ದಾಗ, ಊಹಿಸಿದ್ದರು. ಈಗ ಅವನ ಬಾಡಿಗೆ ಮನೆಯ ಅಟ್ಟವನ್ನು ಶೋಧಿಸಿದಾಗ ಅಟ್ಟಕ್ಕೆ ಹಾಸಿದ್ದ ಹಲಗೆಯೊಂದರ ಭಾಗ ಕಾಣೆಯಾಗಿತ್ತು. 16ನೆಯ ತುಂಡನ್ನು ಆ ಜಾಗದಲ್ಲಿ ಇಟ್ಟರೆ, ಅದರ ನಾಲ್ಕು ತೂತುಗಳೂ ಕೆಳಗಿನ ತೊಲೆಗಳಲ್ಲಿದ್ದ ನಾಲ್ಕು ಮೊಳೆತೂತುಗಳಿಗೆ ಸರಿಯಾಗಿ ಕೂಡಿದುವು. ಇನ್ನೂ ಒಂದು ಪರೀಕ್ಷೆಯಿತ್ತು. ಮರ ವರ್ಷವರ್ಷವೂ ಬೆಳೆದಂತೆ ಅದರಲ್ಲಿ ವಲಯಗಳು ಮೂಡುತ್ತವೆ. ಮಳೆ ಚೆನ್ನಾದ ವರುಷ ಅಗಲವಾಗಿ, ಬರಗಾಲದಲ್ಲಿ ಕಿರಿದಾಗಿ. ಅಟ್ಟದ ಹಲಗೆಯ ವಲಯಗಳೂ ಏಣಿಯ ತುಂಡಿನವೂ ಒಂದೇ ಕ್ರಮದಲ್ಲಿದ್ದುವು.

1935ರ ಜನವರಿಯಲ್ಲಿ ಫ್ಲೆಮಿಂಗ್ಟನ್ ಊರಿನಲ್ಲಿ ವಿಚಾರಣೆ ಪ್ರಾರಂಭವಾಯಿತು. ಮರದ ವಿಷಯದಲ್ಲಿ ತಜ್ಞನೆಂಬುವನೊಬ್ಬನು ಇರಲಾರನೆಂದೂ, ಇದನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದೂ ಆರೋಪಿಯ ಪರ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶ ಟ್ರೆಂಚರ್ಡ್ ಅದನ್ನು ಮನ್ನಿಸಲಿಲ್ಲ. ಕೋಲರ್ ಹಾಪ್ಟ್‌ಮನ್ನನ ಹತ್ತರಿಯನ್ನು ತೆಗೆದುಕೊಂಡು, ನ್ಯಾಯಾಲಯದಲ್ಲಿಯೇ ಮರದ ತುಂಡೊಂದನ್ನು ಕೀಸಿದರು. ಅದರ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿದಾಗ ಅಲಗಿನ ಮುಕ್ಕುಗಳು ಗೆರೆಗಳಾಗಿ ಮೂಡಿದುವು. ಏಣಿಯ ಮೇಲಿದ್ದ ಗೆರೆಗಳೂ ಅವೇ. ಫೆಬ್ರವರಿ 13ರಂದು ಜ್ಯೂರಿ ಹಾಪ್ಟ್‌ಮನ್ನನನ್ನು ದೋಷಿಯೆಂದು ಸಾರಿತು. ಕೊನೆಯವರೆಗೂ ತಾನು ನಿರಪರಾಧಿಯೆನ್ನುತ್ತಿದ್ದ ಅವನಿಗೆ 1936ರ ಏಪ್ರಿಲ್ 3ರಂದು ಮರಣದಂಡನೆಯಾಯಿತು.

ಈ ತೀರ್ಪಿನ ಬಗ್ಗೆ ಸಂದೇಹಪಟ್ಟವರು ಅಂದಿನಿಂದ ಇಂದಿನವರೆಗೂ ಇದ್ದಾರೆ. ಬಡಗಿಯಾದವನು ಏಣಿಗಾಗಿ ತನ್ನ ಮನೆಯ ಅಟ್ಟವನ್ನೇಕೆ ಕೊಯ್ದಾನು? ಆ ಹಲಗೆಯನ್ನು ಪೋಲೀಸರೇ ಸೃಷ್ಟಿಸಿರಬಾರದೇಕೆ? ಇವು ಅವರ ಪ್ರಶ್ನೆಗಳು. ಅಟ್ಟದ ಹಲಗೆಗೂ ಏಣಿಯ ತುಂಡಿಗೂ ನಡುವೆ ಒಂದು ಅಂಗುಲಕ್ಕಿಂತ ತುಸು ಹೆಚ್ಚಿನ ಭಾಗ ದೊರೆತಿಲ್ಲವೆಂಬುದೂ ನಿಜ. ಮರವನ್ನು ಮುಂದೆ ಮರುಪರಿಶೀಲಿಸಿದವರು ಕೋಲರರ ನಿರ್ಣಯವನ್ನು ಎತ್ತಿಹಿಡಿದಿದ್ದಾರೆ. ಆದರೆ ಹಲಗೆ ಯಾವ ಅಟ್ಟದಿಂದ ಬಂದಿತೆಂದು ಮರ ಹೇಳಬಲ್ಲುದೇ ಹೊರತು, ಆ ರಾತ್ರಿ ಏಣಿಯನ್ನು ಹತ್ತಿದವರು ಯಾರು, ಎಷ್ಟು ಮಂದಿ ಎಂಬುದನ್ನು ಹೇಳಲಾರದು. ಈ ವ್ಯತ್ಯಾಸವನ್ನು ಮರೆಯುವುದು ವಿಜ್ಞಾನಕ್ಕೂ ನ್ಯಾಯಕ್ಕೂ ಅಪಚಾರ.

ತಜ್ಞರೆಂಬವರೆಲ್ಲರೂ ಕೋಲರರಂತಿರುವುದಿಲ್ಲ. 1923ರಲ್ಲಿ, ರಕ್ತದ ಒತ್ತಡವನ್ನಳೆದು ಸುಳ್ಳನ್ನು ಕಂಡುಹಿಡಿಯುವೆವೆಂಬ ವಿಧಾನವನ್ನು ಫ್ರೈ ಎಂಬವನ ಕೊಲೆ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿಯ ನ್ಯಾಯಾಲಯ ತಳ್ಳಿಹಾಕಿತ್ತು. ಆಯಾ ಶಾಸ್ತ್ರಜ್ಞರ ಸಾಮಾನ್ಯ ಒಪ್ಪಿಗೆ ಪಡೆದ ವಿಧಾನ ಮಾತ್ರ ಸಾಕ್ಷ್ಯವಾಗಬಹುದೆಂದಿತು. 1993ರಲ್ಲಿ ಡಾಬರ್ಟ್ ಮೊಕದ್ದಮೆಯಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಆ ವಿಧಾನವನ್ನು ಪರೀಕ್ಷಿಸಬಹುದೆ, ಇತರ ವಿಜ್ಞಾನಿಗಳು ಅದನ್ನು ವಿಮರ್ಶಿಸಿದ್ದಾರೆಯೆ, ಅದು ಎಷ್ಟು ಸಲ ತಪ್ಪುತ್ತದೆ ಎಂಬುದನ್ನೆಲ್ಲ ನ್ಯಾಯಾಧೀಶನೇ ವಿಚಾರಿಸಬೇಕೆಂದಿತು. ಕೋಲರ್ ತಮ್ಮ ಲೆಕ್ಕವನ್ನು ಮುಚ್ಚಿಡಲಿಲ್ಲ. ಅಲೆಗಳನ್ನು ಯಾರು ಬೇಕಾದರೂ ಎಣಿಸಿ ನೋಡುವಂತೆ ಮುಂದಿಟ್ಟರು. ಒಬ್ಬನ ಪ್ರಾಣ ತಕ್ಕಡಿಯಲ್ಲಿರುವಾಗ ತಜ್ಞನಿಂದ ನಾವು ಕೇಳಬೇಕಾದುದು ಅವನ ಕೀರ್ತಿಯನ್ನಲ್ಲ, ಈ ಎಣಿಕೆಯನ್ನು.