ಹೋಳಿಗೆ ಮಾಡೋಣ ಬನ್ನಿ

ಯುಗಾದಿ ಬಂತು. ಬೇವು ಬೆಲ್ಲ ಆಯಿತು. ಇನ್ನು ಹೋಳಿಗೆ ಆಗಬೇಕು. ಹೋಳಿಗೆ ಇಲ್ಲದ ಯುಗಾದಿ ಉಂಟೇನ್ರಿ?

ನಮ್ಮೂರು ದೇಶನೂರು. ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ. ತುಂಗಭದ್ರೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತವೇ ಹೆಚ್ಚು. ದಿನಾ ಅನ್ನ ಉಣ್ಣುತ್ತೇವೆ. ಹಬ್ಬಕ್ಕೆ ಮಾತ್ರ ಹೋಳಿಗೆನೇ ಬೇಕು. ಮೈಸೂರು ಕಡೆ ಇದನ್ನು ಒಬ್ಬಟ್ಟು ಅಂತಾರೆ. ಆಂಧ್ರದಲ್ಲಿ ಬೊಬ್ಬಟ್ಲು. ಮಹಾರಾಷ್ಟ್ರದಲ್ಲಿ ಪುರಣಪೋಳಿ.

ಒಂದು ವರ್ಷ ನಮ್ಮ ಹೂರಣ ನೀರಾಯಿತು. ಹೋಳಿಗೆ ಹೆಂಚಿನ ಮೇಲೆ ಹರಿದು ಹೋಯಿತು. ಬೆಲ್ಲ ಸರಿ ಇಲ್ಲ ಅಂದೆವು. ಒಲೆ ಸರಿ ಇಲ್ಲ ಅಂದೆವು. ಆಮೇಲೆ ಮನೆಯ ಹುಡುಗಿ ಬೇಳೆಯ ಪೊಟ್ಟಣ ಓದಿದಳು. ಅದರ ಮೇಲೆ 400 ಗ್ರಾಂ ಎಂದು ಇತ್ತು. ನಾವು ಅರ್ಧ ಕೆಜಿ ಅಂದುಕೊಂಡಿದ್ದೆವು. ಅರ್ಧ ಕೆಜಿ ಅಂದರೆ 500 ಗ್ರಾಂ. ಬೆಲ್ಲವನ್ನು ಕೈಯಳತೆಯಲ್ಲಿ ಜಾಸ್ತಿಯೇ ಹಾಕಿದ್ದೆವು. ಆವಾಗ ನಮಗೆ ಅಂಕಿ ಓದಲು ಬರುತ್ತಿರಲಿಲ್ಲ. ಈಗ ಪೊಟ್ಟಣ ತಿರುಗಿಸಿ ಓದಿಯೇ ದುಡ್ಡು ಕೊಡುತ್ತೇವೆ.

ಕಡಲೆಬೇಳೆ 500 ಗ್ರಾಂ, ಬೆಲ್ಲ 500 ಗ್ರಾಂ, ಮೈದಾ ಹಿಟ್ಟು 500 ಗ್ರಾಂ ತನ್ನಿ. ಏಲಕ್ಕಿ 5, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು, ಸ್ವಲ್ಪ ಎಣ್ಣೆ ಇರಲಿ. 20ರಿಂದ 25 ಹೋಳಿಗೆ ಆಗುತ್ತವೆ. ಬೆಲ್ಲ ಬೆಳ್ಳಗೆ ಹೊಳೆಯುತ್ತಿದ್ದರೆ ಮರುಳಾಗಬೇಡಿ. ಬಣ್ಣ ಬರಲಿ ಎಂದು ಕೆಲವರು ರಾಸಾಯನಿಕ ಹಾಕುತ್ತಾರೆ. ಕಂದು ಬೆಲ್ಲವೇ ನಮಗೆ ಇಷ್ಟ.

ಮೊದಲು ಕಣಕ ಕಲಸಿ. ಹಿಟ್ಟಿಗೆ ಅರಿಶಿನ, ಉಪ್ಪು, ನೀರು ಹಾಕಿ ಮೆತ್ತಗೆ ನಾದಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ ಇರಬೇಕು. ಮೇಲೆ ಎಣ್ಣೆ ಹಾಕಿ 2 ತಾಸು ಮುಚ್ಚಿಡಿ. ನೆನೆದ ಕಣಕ ಎಳೆದರೆ ಹರಿಯುವುದಿಲ್ಲ.

ಬೇಳೆಯನ್ನು ತುಂಬಾ ನೀರಿನಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಗಂಜಿ ಆಗಬಾರದು. ಬೇಳೆ ಬೇಯುವ ಮುಂಚೆ ಬೆಲ್ಲ ಹಾಕಬೇಡಿ. ಹಾಕಿದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಬೆಂದ ಮೇಲೆ ನೀರು ಬಸಿಯಿರಿ. ಇದೇ ಕಟ್ಟು. ಚೆಲ್ಲಬೇಡ್ರೀ! ಬಸಿಯುವಾಗ ಮಕ್ಕಳನ್ನು ದೂರ ಇಡಿ. ಕೈ ಸುಟ್ಟರೆ 20 ನಿಮಿಷ ತಣ್ಣೀರು ಸುರಿಯಿರಿ. ಪೇಸ್ಟು, ಮಸಿ ಹಚ್ಚಬೇಡಿ.

ಬಸಿದ ಬೇಳೆಗೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ತಿರುವಿ. ಬೆಲ್ಲ ಕರಗಿ ನೀರಾಗುತ್ತದೆ. ಹೆದರಬೇಡಿ. ತಿರುವುತ್ತಾ ಇದ್ದರೆ ಗಟ್ಟಿಯಾಗುತ್ತದೆ. ಸೌಟು ನೆಟ್ಟಗೆ ನಿಂತರೆ ಇಳಿಸಿ. ಆರಿದ ಮೇಲೆ ಏಲಕ್ಕಿ ಹಾಕಿ ಒರಳಲ್ಲೋ ಮಿಕ್ಸಿಯಲ್ಲೋ ನುಣ್ಣಗೆ ರುಬ್ಬಿ. ಒರಳಿನ ಹೂರಣವೇ ರುಚಿ, ಆದರೆ ರಟ್ಟೆ ನೋಯುತ್ತದೆ. ಮನೆಯ ಗಂಡಸರೂ ಒಂದು ಕೈ ಹಾಕಲಿ.

ನಿಂಬೆಹಣ್ಣಿನಷ್ಟು ಕಣಕ ತಗೊಳ್ಳಿ. ಅದಕ್ಕಿಂತ ದೊಡ್ಡ ಹೂರಣದ ಉಂಡೆ ಒಳಗಿಟ್ಟು ಮುಚ್ಚಿ. ಎಣ್ಣೆ ಸವರಿದ ಬಾಳೆ ಎಲೆ ಮೇಲೆ ತೆಳ್ಳಗೆ ತಟ್ಟಿ. ಪ್ಲಾಸ್ಟಿಕ್ ಹಾಳೆ ಆದರೆ ಕಾದ ಹೆಂಚಿಗೆ ತಾಗಿಸಬೇಡಿ, ಕರಗುತ್ತದೆ. ಎರಡೂ ಮಗ್ಗುಲು ಬೇಯಿಸಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರೆಯೇ? ಬೆಲ್ಲ ತಿಂದರೆ ಏನೂ ಆಗಲ್ಲ ಅಂತ ಅವರು ಹೇಳಬಹುದು. ಆಗುತ್ತದೆ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಅವರಿಗೆ ಅರ್ಧ ಹೋಳಿಗೆ ಸಾಕು. ಮುನಿಸಿಕೊಂಡರೆ ಸಾರು ಬಡಿಸಿ.

ಸಾರಿಗೆ ಆ ಕಟ್ಟೇ ಬೇಕು. ಹುಣಸೆಹುಳಿ, ಖಾರ, ಉಪ್ಪು, ಬೆಳ್ಳುಳ್ಳಿ ಜೊತೆ ರುಬ್ಬಿದ ಒಣಕೊಬ್ಬರಿ ಹಾಕಿ ಕುದಿಸಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಹೋಳಿಗೆ ಬಿಸಿ ಇರುವಾಗ ತುಪ್ಪ ಹಾಕಿ ತಿನ್ನಿ. ಸಾರಿಗೆ ಅವಸರ ಇಲ್ಲ. ಅದು ಮರುದಿನ ಕುದಿಸಿದರೆ ಇನ್ನೂ ರುಚಿ.