ಆಕಾಶವನ್ನು ನಂಬಿದ ಇಬ್ಬರು ಪಯಣಿಗರು

ಸಗಣಿಯ ಉಂಡೆಯನ್ನು ಉರುಳಿಸುವ ಹುಳುವಿಗೂ ಇಂಪಾಗಿ ಹಾಡುವ ಹಕ್ಕಿಗೂ ಹೋಲಿಕೆಯೆಲ್ಲಿಯದೆಂದು ವಾಚಕರು ನಗಬಹುದು. ಉಂಡೆಯೊಡನೆ ಹುಳುವಿನ ಪಯಣ ಕೆಲವು ಮಾರುಗಳು. ಹಕ್ಕಿಯದು ನೂರಾರು ಹರದಾರಿ. ಆದರೂ ಇರುಳಿನಲ್ಲಿ ದಾರಿ ತಪ್ಪದಿರಲು ಇವೆರಡೂ ನೋಡುವುದು ನಕ್ಷತ್ರಗಳನ್ನೇ.

ದಕ್ಷಿಣ ಆಫ್ರಿಕದ ಸ್ಕ್ಯಾರಬೀಯಸ್ ಸ್ಯಾಟಿರಸ್ ಎಂಬ ಸಗಣಿಹುಳು ರಾತ್ರಿಯಲ್ಲಿ ಸಂಚರಿಸತಕ್ಕದ್ದು. ಒಂದು ಹುಳು ಕಟ್ಟಿದ ಉಂಡೆಯನ್ನು ಮತ್ತೊಂದು ಕಸಿಯುವುದುಂಟು. ಆದಕಾರಣ ಅದು ರಾಶಿಯಿಂದ ನೆಟ್ಟಗೆ ದೂರ ಸಾಗಬೇಕು. ಸುತ್ತಿ ಬಳಸಿದರೆ ಮರಳಿ ಕಳ್ಳರ ನಡುವೆಯೇ ಬೀಳುವುದು. ಪರಿಶೋಧಕರು ಈ ಹುಳುಗಳ ತಲೆಗೆ ರಟ್ಟಿನ ಪುಟ್ಟ ಟೊಪ್ಪಿಗೆಯನ್ನಿಟ್ಟು ಆಕಾಶವನ್ನು ಮರೆಮಾಡಲು, ಅವು ದಿಕ್ಕುಗೆಟ್ಟು ಅಲೆದುವು. ಜೋಹಾನ್ಸ್‌ಬರ್ಗಿನ ತಾರಾಲಯದಲ್ಲಿ ಆಕಾಶಗಂಗೆಯೊಂದನ್ನೇ ತೋರಿಸಿದಾಗಲೂ ನೇರವಾಗಿ ನಡೆದುವು. ಈ ಸಂಗತಿ 2013ರಲ್ಲಿ ಪ್ರಕಟವಾಯಿತು.

ಉತ್ತರ ಅಮೆರಿಕದ ಇಂಡಿಗೊ ಬಂಟಿಂಗ್ ಗುಬ್ಬಿಯಷ್ಟು ಗಾತ್ರದ ಹಾಡುಹಕ್ಕಿ. ಗಂಡಿನ ಮೈ ಅಚ್ಚ ನೀಲಿ. ಚಳಿಗೆ ಮುನ್ನ ಅದು ರಾತ್ರಿಯಲ್ಲಿ ಹಾರಿ ದಕ್ಷಿಣಕ್ಕೆ ತೆರಳುವುದು. ಸ್ಟೀಫನ್ ಎಮ್ಲೆನ್ ಎಂಬ ವಿದ್ವಾಂಸರು ಇದರ ಮರಿಗಳನ್ನು ಸಾಕಿ ಪರೀಕ್ಷಿಸಿದರು. ನಕ್ಷತ್ರಗಳನ್ನೇ ಕಾಣದೆ ಬೆಳೆದ ಮರಿಗಳಿಗೆ ದಿಕ್ಕು ತಿಳಿಯಲಿಲ್ಲ. ಧ್ರುವನ ಸುತ್ತ ತಿರುಗುವ ಆಕಾಶವನ್ನು ಕಂಡವು ದಕ್ಷಿಣಕ್ಕೆ ಮುಖ ಮಾಡಿದುವು. ಇನ್ನು ಕೆಲವಕ್ಕೆ ನಮ್ಮ ಆರ್ದ್ರಾ ನಕ್ಷತ್ರದ ಸುತ್ತ ತಿರುಗುವ ಕೃತಕಾಕಾಶವನ್ನು ತೋರಿಸಿದರು. ಅವು ಆರ್ದ್ರೆಯನ್ನೇ ಧ್ರುವನೆಂದು ಬಗೆದು ಅದಕ್ಕೆ ಬೆನ್ನುಮಾಡಿದುವು! 1970ರಲ್ಲಿ ಪ್ರಕಟವಾದ ವಿಷಯವಿದು.

ಇಲ್ಲಿಯೇ ಇವೆರಡರ ಭೇದವಿರುವುದು. ಹುಳುವಿಗೆ ಯಾವ ದಿಕ್ಕಾದರೂ ಸರಿ, ಹಾದಿ ನೆಟ್ಟಗಿದ್ದರಾಯಿತು. ಅದಕ್ಕೆ ಆಕಾಶಗಂಗೆಯ ಬೆಳ್ಳನೆಯ ಪಟ್ಟಿಯೇ ಸಾಕು. ಹಕ್ಕಿಗಾದರೋ ದಕ್ಷಿಣವೇ ಬೇಕು. ಅದಕ್ಕಾಗಿ ಬಾಲ್ಯದಲ್ಲಿಯೇ ಆಕಾಶದ ಪಾಠವನ್ನು ಕಲಿಯಬೇಕು. ಎಳವೆಯಲ್ಲಿ ಕಂಡುದು ತಪ್ಪಾದರೆ ಪಯಣವೂ ತಪ್ಪುವುದೆಂಬುದನ್ನು, ಮಕ್ಕಳಿಗೆ ಪಾಠ ಹೇಳಿದ ನಾವು ಚೆನ್ನಾಗಿ ಬಲ್ಲೆವು.

ಈಗ ಈ ಇಬ್ಬರು ಪಯಣಿಗರಿಗೂ ಒಂದೇ ವಿಪತ್ತು ಒದಗಿದೆ. ಅದು ನಾವು ಹಚ್ಚಿಟ್ಟ ದೀಪ. ನಗರದ ಬೆಳಕಿನಲ್ಲಿ ಹುಳುಗಳು ನಕ್ಷತ್ರಗಳನ್ನು ಬಿಟ್ಟು ದೀಪಗಳತ್ತಲೇ ಹೊರಳಿದುದನ್ನು 2021ರಲ್ಲಿ ಪ್ರಕಟವಾದ ಶೋಧನೆಯು ತಿಳಿಸಿದೆ. ಇರುಳು ಹಾರುವ ಹಕ್ಕಿಗಳು ಉರಿಯುವ ದೀಪಗಳಿಗೆ ಮರುಳಾಗಿ ಎತ್ತರದ ಕಟ್ಟಡಗಳಿಗೆ ಬಡಿದು ಸಾಯುತ್ತಿವೆ. ನಮ್ಮ ಪಟ್ಟಣಗಳ ಎಷ್ಟೋ ಮಕ್ಕಳು ಆಕಾಶಗಂಗೆಯ ಹೆಸರನ್ನು ಕೇಳಿರುವರೇ ಹೊರತು ಅದನ್ನು ಕಂಡಿಲ್ಲ.

ತಾಯಂದಿರೇ, ಕೆಲಸವಿಲ್ಲದ ದೀಪವನ್ನು ಇಂದು ರಾತ್ರಿ ಆರಿಸಿರಿ. ಮಕ್ಕಳನ್ನು ಅಂಗಳಕ್ಕೆ ಕರೆತಂದು ಧ್ರುವನನ್ನು ತೋರಿಸಿರಿ. ಹಕ್ಕಿಯ ಮರಿಗೆ ದೊರೆಯುವ ಪಾಠ ನಮ್ಮ ಮಕ್ಕಳಿಗೆ ತಪ್ಪಬಾರದು.