ಇಂಜಿನ್‌ಗೂ ಬೇಕು ಉಸಿರಾಟ: ಬೈಕಿನ ಬ್ರೀದರ್ ಕೊಳವೆಗೆ ಬಿರಡೆ ಹಾಕದಿರಿ

ಬೀದರ್: ನಗರದಿಂದ ಅಷ್ಟೂರಿಗೆ ಇರುವ ದೂರ ಮೂರ್ನಾಲ್ಕು ಕಿಲೋಮೀಟರ್ ಮಾತ್ರ. ಬಹಮನಿ ಸುಲ್ತಾನರ ಗುಮ್ಮಟಗಳನ್ನು ನೋಡಲು ಹೋಗುವವರಿಗೆ ಇದು ಹತ್ತು ನಿಮಿಷದ ಹಾದಿ. ಹಾಲು, ತರಕಾರಿ ಹೇರಿಕೊಂಡು ಬೆಳಿಗ್ಗೆ ನಗರಕ್ಕೆ ಬಂದು ಮರಳುವ ಬೈಕ್ ಸವಾರರಿಗೂ ಅಷ್ಟೇ. ಆದರೆ ಇಂಜಿನ್ನಿನ ದೃಷ್ಟಿಯಿಂದ ನೋಡಿದರೆ ಇಂತಹ ಅಲ್ಪ ದೂರದ ಓಡಾಟ ಹಿತವಾದುದಲ್ಲ. ಅದರಲ್ಲೂ ಚಳಿಗಾಲದಲ್ಲಿ. ಇದು ಏಕೆಂದು ಅರಿಯಬೇಕಾದರೆ, ಬಹುತೇಕ ಸವಾರರು ಗಮನಿಸಿಯೇ ಇರದ ಬೆರಳು ಗಾತ್ರದ ಒಂದು ರಬ್ಬರ್ ಕೊಳವೆಯ ಕೆಲಸವನ್ನು ಮೊದಲು ತಿಳಿಯಬೇಕಾಗುತ್ತದೆ. ಅದರ ಹೆಸರು ಬ್ರೀದರ್, ಎಂದರೆ ಉಸಿರು ಕೊಳವೆ.

ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್ ದಂಡ ತಿರುಗುವ ಮುಚ್ಚಿದ ಕೋಣೆಯೇ ಕ್ರ್ಯಾಂಕ್‌ಕೇಸ್. ಇಂಜಿನ್ ಆಯಿಲ್ ಇರುವುದೂ ಇಲ್ಲಿಯೇ. ಪಿಸ್ಟನ್ನಿಗೆ ತೊಡಿಸಿದ ಉಂಗುರಗಳು, ಅಂದರೆ ರಿಂಗ್‌ಗಳು, ಮೇಲಿನ ಉರಿ ಕೆಳಗಿಳಿಯದಂತೆ ತಡೆಯುತ್ತವೆ. ಆದರೆ ಈ ತಡೆ ಎಂದೂ ಪರಿಪೂರ್ಣವಲ್ಲ. ಉಂಗುರದ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡೀತು. ಈ ಸಂದಿನ ಮೂಲಕ ಪ್ರತಿ ಸ್ಫೋಟದಲ್ಲೂ ಒಂದಿಷ್ಟು ಅನಿಲ ಕೆಳಗೆ ನುಸುಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬ್ಲೋ-ಬೈ ಎನ್ನುತ್ತಾರೆ. ಹೊಸ ಇಂಜಿನ್ನಿನಲ್ಲಿ ಕಡಿಮೆ, ಸವೆದ ಇಂಜಿನ್ನಿನಲ್ಲಿ ಹೆಚ್ಚು. ಉರಿಯದ ಪೆಟ್ರೋಲ್ ಆವಿ, ಹೊಗೆ ಹಾಗೂ ನೀರಿನ ಆವಿ, ಈ ಮೂರೂ ಅದರಲ್ಲಿರುತ್ತವೆ.

ಒಂದೇ ಸಿಲಿಂಡರಿನ ಬೈಕಿನಲ್ಲಿ ಇನ್ನೊಂದು ತೊಡಕಿದೆ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಜಾಗ ಕುಗ್ಗುತ್ತದೆ, ಏರಿದಾಗ ಹಿಗ್ಗುತ್ತದೆ. ಹಳೆಯ 350ರ ಬುಲೆಟ್ಟನ್ನೇ ತೆಗೆದುಕೊಳ್ಳಿ. 70 ಮಿ.ಮೀ. ಅಗಲದ ಸಿಲಿಂಡರಿನಲ್ಲಿ 90 ಮಿ.ಮೀ. ಓಡಾಡುವ ಅದರ ಪಿಸ್ಟನ್ ಒಂದು ಸಲ ಇಳಿದರೆ 346 ಸಿ.ಸಿ. ಗಾಳಿಯನ್ನು ಒತ್ತುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 50 ಬಾರಿ, ಅಂದರೆ ಸುಮಾರು 17 ಲೀಟರ್ ಗಾಳಿ ಒಳಗೊಳಗೇ ಹಿಂದೆ-ಮುಂದೆ ನೂಕಲ್ಪಡುತ್ತದೆ. ಕಮ್ಮಾರನ ತಿದಿಯನ್ನು ಬಾಯಿ ಕಟ್ಟಿ ಒತ್ತಿದಂತೆ!

ಇದಕ್ಕೆ ಬುಲೆಟ್ ತಯಾರಕರು ಕಂಡುಕೊಂಡ ಪರಿಹಾರ ಸರಳ. ಬಾತುಕೋಳಿಯ ಕೊಕ್ಕಿನಂತೆ ಕಾಣುವ, ತುದಿಯಲ್ಲಿ ಸೀಳಿರುವ ಚಿಕ್ಕ ರಬ್ಬರ್ ಕವಾಟ. ಪಿಸ್ಟನ್ ಇಳಿದಾಗ ಕೊಕ್ಕು ತೆರೆದು ಗಾಳಿ ಹೊರಬೀಳುತ್ತದೆ. ಏರಿದಾಗ ಕೊಕ್ಕು ಮುಚ್ಚಿಕೊಂಡು ಹೊರಗಿನ ಗಾಳಿಯನ್ನು ತಡೆಯುತ್ತದೆ. ಕೆಲವೇ ಸುತ್ತುಗಳಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾಗುತ್ತದೆ. ಆಗ ಆಯಿಲ್ ಹೊರಗೆ ಜಿನುಗುವ ಬದಲು ಒಳಗೇ ಉಳಿಯುತ್ತದೆ. ‘ಬುಲೆಟ್ ಎಂದ ಮೇಲೆ ಆಯಿಲ್ ಸೋರಲೇಬೇಕು’ ಎಂಬ ತಮಾಷೆಯ ಮಾತಿಗೆ ಎಷ್ಟೋ ಸಲ ಕಾರಣವಾಗಿರುವುದು ಕಂಪನಿಯ ಲೋಹವಲ್ಲ, ಬಿಸಿಗೆ ಒರಟಾಗಿ ಬಾಯಿ ಮುಚ್ಚದಂತಾದ ಈ ರಬ್ಬರ್ ಕೊಕ್ಕು.

ಸ್ಪ್ಲೆಂಡರ್‌ನಂತಹ 100 ಸಿ.ಸಿ. ಬೈಕುಗಳಲ್ಲಿ ಉಸಿರು ಕೊಳವೆ ಏರ್ ಫಿಲ್ಟರ್ ಪೆಟ್ಟಿಗೆಗೆ ಸೇರುತ್ತದೆ. ಅಲ್ಲಿಂದ ಆವಿಯನ್ನು ಇಂಜಿನ್ ಮತ್ತೆ ಎಳೆದುಕೊಂಡು ಸುಡುತ್ತದೆ. ಇದರ ಹಿಂದೆ ವಾಯುಮಾಲಿನ್ಯದ ಪ್ರಶ್ನೆಯಿದೆ. ಹಿಂದೆ ಕಾರುಗಳು ಈ ಆವಿಯನ್ನು ನೇರವಾಗಿ ರಸ್ತೆಗೆ ಬಿಡುತ್ತಿದ್ದವು. ಅಮೆರಿಕದ ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ಇದೂ ಒಂದು ಕಾರಣವೆಂದು ತಿಳಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಆವಿಯನ್ನು ಇಂಜಿನ್ನಿಗೇ ಮರಳಿಸುವ ಏರ್ಪಾಡು ಬಂತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡದ ಬೈಕುಗಳಲ್ಲಂತೂ ಈ ಕೊಳವೆಯನ್ನು ಬಿಚ್ಚಿ ನೇತುಬಿಡುವುದು ಯಾವ ರೀತಿಯಿಂದಲೂ ಸಲ್ಲದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಮಾತೇ ಬೇರೆ. ಅವು ಟೂ-ಸ್ಟ್ರೋಕ್. ಅಲ್ಲಿ ಪಿಸ್ಟನ್ನಿನ ಕೆಳಗಿನ ಒತ್ತಡ ತೊಂದರೆಯಲ್ಲ, ಅದೇ ಬಂಡವಾಳ. ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಇಳಿಯುವ ಪಿಸ್ಟನ್ನಿನ ಒತ್ತಡದಿಂದಲೇ ಮೇಲಕ್ಕೇರುತ್ತದೆ. ಹಾಗಾಗಿ ಆ ಕೋಣೆಗೆ ಉಸಿರು ಕೊಳವೆ ಇಟ್ಟರೆ ಬೈಕ್ ಓಡುವುದೇ ಇಲ್ಲ. ಹಳೆಯ ಯೆಜ್ಡಿಯಲ್ಲಿ ಕಲಿತ ಪಾಠವನ್ನು ಫೋರ್-ಸ್ಟ್ರೋಕ್ ಬೈಕಿಗೆ ಅನ್ವಯಿಸುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಬ್ರೀದರ್ ಕೊಳವೆಯ ತುದಿಯಿಂದ ಆಯಿಲ್ ತೊಟ್ಟಿಕ್ಕುತ್ತದೆಂದು ಅದಕ್ಕೆ ಬೋಲ್ಟ್ ತುರುಕುವುದು, ತಂತಿ ಬಿಗಿಯುವುದು ಅಪಾಯಕಾರಿ. ದಾರಿ ಮುಚ್ಚಿದ ಒತ್ತಡ ಬೇರೆ ದಾರಿ ಹುಡುಕುತ್ತದೆ: ಕ್ರ್ಯಾಂಕಿನ ಆಯಿಲ್ ಸೀಲ್, ಗ್ಯಾಸ್ಕೆಟ್ ಸಂದುಗಳು, ಕೆಲವೊಮ್ಮೆ ಆಯಿಲ್ ಅಳೆಯುವ ಕಡ್ಡಿಯ ಮುಚ್ಚಳ. ಸೀಲ್ ಹೊಸದು ಹಾಕಿಸಿದರೂ ತಿಂಗಳೊಳಗೆ ಮತ್ತೆ ಸೋರಿದರೆ, ಮೂರನೆಯ ಸೀಲಿಗೆ ಹಣ ತೆರುವ ಮುನ್ನ ಬ್ರೀದರ್ ಪರೀಕ್ಷಿಸಿ. 100 ಸಿ.ಸಿ. ಬೈಕಿನಲ್ಲಿರುವುದೇ ಒಂದು ಲೀಟರಿನಷ್ಟು ಆಯಿಲ್. ಸೋರಿಕೆಯನ್ನು ಕಡೆಗಣಿಸಿದರೆ ಇಂಜಿನ್ ಕಚ್ಚಿಕೊಳ್ಳಲು ಬಹಳ ದಿನ ಬೇಕಿಲ್ಲ. ಹಿಂದಿನ ಟೈರಿಗೆ ಆಯಿಲ್ ತಗುಲಿದರೆ ಜೀವಕ್ಕೇ ಅಪಾಯ.

ಕೊಳವೆಯಿಂದ ಆಯಿಲ್ ಬರುತ್ತಿದ್ದರೆ ಮೊದಲು ಅದರ ಮಟ್ಟ ನೋಡಬೇಕು. ‘ಸ್ವಲ್ಪ ಹೆಚ್ಚಿರಲಿ’ ಎಂದು ಗುರುತು ಮೀರಿ ತುಂಬಿಸುವ ರೂಢಿಯೇ ಅನೇಕ ಬಾರಿ ಮೂಲ ಕಾರಣ. ಮಟ್ಟ ಸರಿಯಿದ್ದೂ ಕೊಳವೆಯಿಂದ ಎಡೆಬಿಡದೆ ಹೊಗೆ ಬಂದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ ಎಂದು ಅನುಮಾನಿಸಬಹುದು. ಬಿಟ್ಟು ಬಿಟ್ಟು ಬರುವ ಸಣ್ಣ ಗಾಳಿಗೆ ಗಾಬರಿ ಬೇಡ, ಅದು ಒಂದು ಸಿಲಿಂಡರಿನ ಇಂಜಿನ್ನಿನ ಸಹಜ ಉಸಿರು.

ಇನ್ನು ಅಷ್ಟೂರಿನ ಹಾದಿಯ ವಿಷಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ ಎಂದರೆ ಅಚ್ಚರಿಯಾಗಬಹುದು. ಅದರಲ್ಲಿ ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಒಂದಂಶ ಬ್ಲೋ-ಬೈ ಜೊತೆ ಕೆಳಗಿಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಈ ತೇವ ಬ್ರೀದರ್ ಮೂಲಕ ಹೊರಟುಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿರುವ ಬೀದರಿನ ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಮೂರ್ನಾಲ್ಕು ಕಿಲೋಮೀಟರ್ ಓಡಿ ನಿಂತ ಬೈಕಿನ ಆಯಿಲ್ ಅಷ್ಟು ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನೀರಾಗಿ, ಆಯಿಲಿನೊಡನೆ ಕಲೆತು, ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆ ಬಣ್ಣದ ನೊರೆಯಾಗಿ ಕೂರುತ್ತದೆ. ಈ ನೊರೆ ಬ್ರೀದರ್ ಕೊಳವೆಯನ್ನೂ ಕಟ್ಟಬಲ್ಲದು.

ವಾರಕ್ಕೊಮ್ಮೆಯಾದರೂ ಭಾಲ್ಕಿಯವರೆಗೆ ಹೋಗಿ ಬರುವಷ್ಟು ದೀರ್ಘ ಓಟ ಸಿಕ್ಕರೆ ತೇವ ತಾನಾಗಿ ಒಣಗುತ್ತದೆ. ಸಿಗದಿದ್ದವರು ಕಂಪನಿ ಹೇಳಿದ ಅವಧಿಗೆ ಮೊದಲೇ ಆಯಿಲ್ ಬದಲಿಸುವುದು ಲೇಸು. ಏರ್ ಫಿಲ್ಟರ್ ಪೆಟ್ಟಿಗೆಯ ಕೆಳಗೆ ಬಿರಡೆಯಿರುವ ಚಿಕ್ಕ ಕೊಳವೆಯಿದ್ದರೆ, ಅದರಲ್ಲಿ ಸೇರಿದ ಕಂದು ದ್ರವವನ್ನು ಸರ್ವಿಸ್ ವೇಳೆ, ಮಳೆಗಾಲದಲ್ಲಿ ಇನ್ನೂ ಬೇಗ, ಬಸಿದು ಬಿರಡೆಯನ್ನು ಮರಳಿ ಹಾಕಬೇಕು. ಮುಚ್ಚಿರಬೇಕಾದ ಕೊಳವೆ ಇದೊಂದೇ. ದೂರ ಓಡಿಸಿದ ಮೇಲೂ ಆಯಿಲ್ ಹಾಲಿನಂತೆಯೇ ಕಂಡರೆ ಮಾತ್ರ ಅದು ಬರೀ ಚಳಿಯ ತೇವವಲ್ಲ. ಹಳ್ಳ ದಾಟುವಾಗಲೋ, ಒತ್ತಡದ ನೀರಿನಿಂದ ತೊಳೆಯುವಾಗಲೋ ಒಳಗೆ ನೀರು ಹೊಕ್ಕಿದೆ. ಅಂತಹ ಬೈಕನ್ನು ಮತ್ತೆ ಚಾಲೂ ಮಾಡದೆ ಆಯಿಲ್ ಪೂರ್ತಿ ಬಸಿಸಿ, ಹೊಸದು ಹಾಕಿಸಬೇಕು.